ಬಾಗಿಲ ಹಿಂದಿನ ಸುಟ್ಟ ಗೆರೆ

ದುಗ್ಗಪ್ಪ ಆಚಾರಿ ಒಂದು ಕಡೆ ಕೂತದ್ದನ್ನು ನಾನು ಕಂಡವನಲ್ಲ. ಚಾ ಕುಡಿಯುವಾಗಲೂ ಲೋಟ ಹಿಡಿದು ಅಂಗಳದಲ್ಲಿ ಅಡ್ಡಾಡುವರು. ಕಿವಿಯ ಮೇಲೆ ಪೆನ್ಸಿಲು, ಹೆಗಲ ಚೀಲದಲ್ಲಿ ಗರಗಸದ ಹಲ್ಲು ಮಸೆಯುವ ನಾಲ್ಕು ಅರ. ಬಂಟ್ವಾಳದಿಂದ ಬೆಳ್ತಂಗಡಿಯ ತನಕ ಯಾವ ಮರದ ಮಿಲ್ಲಿನಲ್ಲಿ ಗರಗಸ ಮೊಂಡಾದರೂ ಅವರೇ ಬೇಕು. ಆದರೆ ಮೂರು ದಿನಕ್ಕಿಂತ ಹೆಚ್ಚು ಎಲ್ಲಿಯೂ ನಿಂತವರಲ್ಲ. "ನಾಲ್ಕನೇ ದಿನ ಕಾಲು ತುರಿಸ್ತದೆ ಮಾರಾಯ್ರೆ" ಎನ್ನುವರು.

ಐವತ್ತರ ದಶಕದ ಕೊನೆಗೆ ನಾನು ಮೂಡುಬಿದಿರೆಯಲ್ಲಿ ಮಿಲ್ಲು ತೆರೆದೆ. ಒಂದು ಆಯಿಲ್ ಇಂಜಿನ್, ಕಬ್ಬಿಣದ ಮೇಜು, ಅದರ ನಡುವೆ ಗಿರ್ರೆಂದು ತಿರುಗುವ ಚಕ್ರದಂಥ ಗರಗಸ. ಮೊದಲ ದೊಡ್ಡ ಕೆಲಸ ಶಿರ್ತಾಡಿ ಕಡೆಯ ಸಣ್ಣದೊಂದು ಬಸದಿಯ ಬಾಗಿಲು. ಅಲ್ಲಿ ಪೂಜೆ ಮಾಡುವ ನೇಮಣ್ಣ ಇಂದ್ರರು ತಮ್ಮ ಅಜ್ಜ ನೆಟ್ಟ ಹಲಸನ್ನೇ ಕಡಿಸಿ ತಂದಿದ್ದರು. ಅದು ಹಾಳಾದರೆ ಇನ್ನೊಂದಿಲ್ಲ. ನನ್ನ ಗ್ರಹಚಾರ, ಕೊಯ್ದ ಹಲಗೆಗಳ ಮೇಲೆಲ್ಲ ಸುಟ್ಟ ಪಟ್ಟೆ! ಹತ್ತರಿ ಹಾಕಿ ಹೆರೆದು ತೆಗೆದರೆ ಹಲಗೆಯೇ ತೆಳ್ಳಗಾಗುತ್ತಿತ್ತು.

"ದೇವರ ಬಾಗಿಲಿಗೆ ಮಸಿ ಬಳಿದಿರಲ್ಲ ಶೆಟ್ರೇ! ನಾಳೆ ಸಂಜೆಯೊಳಗೆ ಸರಿಯಾಗದಿದ್ದರೆ ಉಳಿದ ಮರ ಗಾಡಿಗೆ ಹಾಕಿಸಿ" ಎಂದು ಇಂದ್ರರು ಹೇಳಿಹೋದರು. ಆಚಾರಿಯನ್ನು ಕರೆತರಲು ನಾನು ಬೆಳ್ತಂಗಡಿಗೆ ಜನ ಅಟ್ಟಿದೆ.

ಮರುದಿನ ಬೆಳಗಿನ ಬಸ್ಸಿನಿಂದ ಇಳಿದ ಆಚಾರಿ ಗರಗಸದ ಕಡೆ ನೋಡಲೇ ಇಲ್ಲ. ಹಲಗೆಯನ್ನು ಮೂಗಿಗೆ ಹಿಡಿದರು. "ಹಲ್ಲಿಗೆ ಹಲಸಿನ ಮೇಣ ಹತ್ತಿದೆ" ಎಂದು ಗರಗಸ ಕಳಚಿ ಚಿಮಿಣಿ ಎಣ್ಣೆಯಲ್ಲಿ ತೊಳೆದು, ಹಲ್ಲು ಹಲ್ಲಿಗೂ ಅರ ಹಾಕಿದರು. ಮರ ಒರಗಿಸಿ ದೂಡುವ ಕಬ್ಬಿಣದ ಪಟ್ಟಿಯನ್ನು ಕಡ್ಡಿಯಿಂದ ಅಳೆದರು. "ಹಿಂದೆ ಒಂದು ಅಕ್ಕಿಕಾಳಿನಷ್ಟು ಒಳಗೆ ಬಂದಿದೆ ನೋಡಿ. ಮರ ಅಲ್ಲಿ ಸಿಕ್ಕಿ ಉಜ್ಜುತ್ತದೆ." ಅದನ್ನೂ ನೇರ ಮಾಡಿದರು.

ಅಷ್ಟರಲ್ಲಿ ಇಂದ್ರರೂ ಬಂದರು. ಇಂಜಿನ್ ಹೊರಟಿತು. ಆದರೂ ಅಲ್ಲಲ್ಲಿ ಕಪ್ಪು! ಆಚಾರಿ ಮಾತ್ರ ನಮ್ಮ ಮುಖಗಳನ್ನೇ ನೋಡುತ್ತಿದ್ದರು. ಮರ ದೂಡುವ ಕೊರಗಪ್ಪನ ಒಂದು ಕಡೆ ಇಂದ್ರರು ಕೈಮುಗಿದು "ಮೆಲ್ಲ ಮಾರಾಯ, ದೇವರದ್ದು" ಎನ್ನುತ್ತಿದ್ದರು, ಇನ್ನೊಂದು ಕಡೆಯಿಂದ ನಾನೂ "ಮೆಲ್ಲ, ಮೆಲ್ಲ."

ಆಚಾರಿ ನಕ್ಕರು. "ಗರಗಸದ ತಪ್ಪು ಮುಗಿಯಿತು. ಉಳಿದದ್ದು ನಿಮ್ಮ ಭಕ್ತಿಯದ್ದು. ನೀವು ಮೆಲ್ಲ ಅಂದಲ್ಲೆಲ್ಲ ಇವ ಕೈ ನಿಲ್ಲಿಸ್ತಾನೆ. ಮರ ನಿಂತರೆ ಗರಗಸ ನಿಲ್ತದಾ? ತಿಕ್ಕಿ ಸುಡ್ತದೆ. ಇಂದ್ರರೇ, ನೀವು ಹೊರಗೆ ಹೋಗಿ ಜಪ ಮಾಡಿ."

"ಮರ ನನ್ನದು ಆಚಾರ್ರೇ!"

"ಮರ ನಿಮ್ಮದೇ. ಬಾಯಿ ಮಾತ್ರ ಹೊರಗೆ ಕೊಂಡುಹೋಗಿ."

ಅನಂತರ ಆಚಾರಿಯೇ ದೂಡಿದರು. ಒಂದೇ ಸಮನೆ, ಹೊಳೆ ಹರಿದಂತೆ. ಅರಸಿನ ಬಣ್ಣದ ಹಲಗೆಗಳು ಕಲೆಯಿಲ್ಲದೆ ಹೊರಬಂದವು. ಕೊನೆಯದು ಅರ್ಧ ದಾಟಿತ್ತು. ಸಂತೋಷ ತಡೆಯದೆ ನಾನು ಅವರ ಕಿವಿಯ ಬಳಿ ಬಾಗಿ ಕೂಗಿದೆ: "ಇಲ್ಲೇ ಇದ್ದುಬಿಡಿ ಆಚಾರ್ರೇ! ಹಿಂದೆ ಕೋಣೆ ಉಂಟು. ಎಷ್ಟೂಂತ ತಿರುಗ್ತೀರಿ?"

ಅವರ ಕೈ ನಿಂತಿತು. ಹೊಗೆ ಎದ್ದಿತು. ತಕ್ಷಣ ದೂಡಿ ಮುಗಿಸಿದರು.

"ಕೊಯ್ಯುವಾಗ ಹಾಗೆಲ್ಲ ಕೇಳ್ಬಾರದು ಶೆಟ್ರೇ." ಸ್ವರ ತಗ್ಗಿತ್ತು. ನಾನು ಹತ್ತರಿ ತಂದರೆ ತಡೆದರು. "ಬೇಡ, ತೆಳ್ಳಗಾಗ್ತದೆ. ಸುಟ್ಟ ಈ ಮೈ ಬಾಗಿಲ ಒಳಗಿನ ಬದಿಗೆ ಬರಲಿ." ಇಲ್ಲೇ ಇರುವ ವಿಷಯ ಮತ್ತೆ ಕೇಳಿದ್ದಕ್ಕೆ "ನೋಡುವ" ಎಂದು ಸಂಜೆಯ ಬಸ್ಸು ಹತ್ತಿದರು.

ಆಮೇಲೆ ಎರಡು ಮೂರು ಸಲ ಬಂದರು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೆಲವು ವರ್ಷಗಳ ಮೇಲೆ, ಕೊಕ್ಕಡದ ಮಿಲ್ಲಿಗೆ ಹೊರಟವರು ದಾರಿಯಲ್ಲೇ ತೀರಿಕೊಂಡರೆಂದು ಬಸ್ಸಿನ ಕಂಡಕ್ಟರ್ ಹೇಳಿದ.

ಆ ಬಸದಿಗೆ ಹೋದಾಗಲೆಲ್ಲ ಬಾಗಿಲ ಹಿಂದೆ ಕೈಯಾಡಿಸುತ್ತೇನೆ. ಅಗುಳಿಯ ಕೆಳಗೆ ಬೆರಳಗಲದ ಕಪ್ಪು ಗೆರೆ. ಆ ಗೆರೆ ಸುಡುವಷ್ಟು ಹೊತ್ತು ಆಚಾರಿ ನನ್ನ ಮಿಲ್ಲಿನಲ್ಲಿ ನೆಲೆ ನಿಂತಿದ್ದರು.