ಕರುವಿಗೆ ಮಾಡಿದ ಹೀಟರು

ಹಾರೂಗೇರಿಯ ಬಸ್ ಸ್ಟ್ಯಾಂಡಿನ ಎದುರು ಮಿಕ್ಸರು, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿಯ ಅಂಗಡಿ ಚಂದ್ರಮತಿಯದು. ಗಂಡ ಭರತ ಹೊಲಗಳಿಗೆ ಹೋಗಿ ಪಂಪಿನ ಮೋಟರು ಕಟ್ಟುವವನು. ಅಂಗಡಿ ಕಾಯಲೆಂದು ಕೂತವಳು ಬೇಸರಕ್ಕೆ ಸ್ಕ್ರೂಡ್ರೈವರ್ ಹಿಡಿದಳು. ಮೂರೇ ವರ್ಷದಲ್ಲಿ ಗಂಡನೇ ಅವಳನ್ನು ಕೇಳಿ ಕೆಲಸ ಮಾಡುವಂತಾಯಿತು. ಮೊದಮೊದಲು ಜನ, "ಮಾಲಕ್ರು ಎಲ್ಲ್ಯದಾರ್ರಿ?" ಎಂದು ಒಳಗೆ ಇಣುಕುತ್ತಿದ್ದರು.

"ಮಾಲಕ್ರ ಮುಂದನ ನಿಂತೀರಿ," ಎಂದು ನಗುತ್ತ ಅವರ ಕೈಯಿಂದ ಮಿಕ್ಸರು ಇಸಿದುಕೊಳ್ಳುತ್ತಿದ್ದಳು.

ಹೋದ ಡಿಸೆಂಬರಿನ ಒಂದು ಮಧ್ಯಾಹ್ನ ತೋಟದ ಮನೆಯ ರುಕ್ಮವ್ವ ಬಂದು ಹಳೆ ಇಸ್ತ್ರಿಪೆಟ್ಟಿಗೆಯ ಕಾಯಿಲ್ ಒಂದು ಬೇಕೆಂದಳು. ಗುಜರಿ ಬುಟ್ಟಿಯಿಂದ ಆರಿಸಿ ಕೊಟ್ಟಿದ್ದಾಯಿತು. ರುಕ್ಮವ್ವ ಟಂಟಂ ಆಟೋ ಹತ್ತುತ್ತ ಕೂಗಿ ಹೇಳಿದಳು: "ನಮ್ಮನಿಯವ್ರು ಕರಕ್ಕ ಹೀಟರ್ ಮಾಡ್ಯಾರ ಬೇ! ಒಂದು ಕಾಯಿಲ್ ಸಾಲವಲ್ದು."

ಟಂಟಂ ಹೊರಟೇಹೋಯಿತು. ದನದ ಕೊಟ್ಟಿಗೆ, ಒಣಹುಲ್ಲು, ಒದ್ದೆ ನೆಲ ಎಲ್ಲ ಒಮ್ಮೆಲೇ ಚಂದ್ರಮತಿಯ ಕಣ್ಣಿಗೆ ಕಟ್ಟಿದವು. ಶಟರ್ ಎಳೆದು ಸ್ಕೂಟಿ ಹತ್ತಿದಳು.

ಕೊಟ್ಟಿಗೆಯಲ್ಲಿ ರುಕ್ಮವ್ವನ ಗಂಡ ವಿರುಪಾಕ್ಷಪ್ಪ ಹೆಮ್ಮೆಯಿಂದ ಎದೆ ಉಬ್ಬಿಸಿ ನಿಂತಿದ್ದ. ನಾಲ್ಕು ದಿನದ ಹಿಂದೆ ಹುಟ್ಟಿದ ಕರು ಚಳಿಗೆ ನಡುಗುವುದನ್ನು ನೋಡಲಾರದೆ ಅವನು ಎಣ್ಣೆಯ ತಗಡಿನ ಡಬ್ಬಿಯೊಳಗೆ ಇಸ್ತ್ರಿಯ ಕಾಯಿಲ್ ಕೂರಿಸಿ, ಹಿಂದೆ ಟೇಬಲ್ ಫ್ಯಾನ್ ಇಟ್ಟು, ಝೀರೋ ಬಲ್ಬಿನ ತೆಳ್ಳನೆ ವೈರು ಜೋಡಿಸಿದ್ದ. ಡಬ್ಬಿಯಿಂದ ಬಿಸಿಗಾಳಿ ಬರುತ್ತಿತ್ತು. ಕರು ಅದರತ್ತಲೇ ಮೂಗು ಚಾಚಿತ್ತು.

"ಕರಾ ಹಿಂದ ಜಗ್ರಿ! ಯಾರೂ ಡಬ್ಬಿ ಮುಟ್ಟಬ್ಯಾಡ್ರಿ!"

ಹಾಗೆ ಕೂಗುತ್ತಲೇ ಒಳಗೆ ಬಂದ ಚಂದ್ರಮತಿ ಟೆಸ್ಟರ್ ತೆಗೆದು ಡಬ್ಬಿಗೆ ತಾಗಿಸಿದಳು. ಅದರ ದೀಪ ಕೆಂಪಗೆ ಹೊತ್ತಿತು; ಡಬ್ಬಿಗೇ ಕರೆಂಟು ಬಂದಿತ್ತು. ತಕ್ಷಣ ಸ್ವಿಚ್ ಆರಿಸಿ ಪ್ಲಗ್ ಕಿತ್ತಳು.

"ಮುಂಜಾನಿಂದ ನಾನು ಮುಟ್ಟಾಕತ್ತೇನಿ. ನನಗೇನೂ ಆಗಿಲ್ಲಲ್ಲವಾ," ಎಂದ ವಿರುಪಾಕ್ಷಪ್ಪ.

"ನಿಮ್ಮ ಕಾಲಾಗ ರಬ್ಬರ್ ಚಪ್ಪಲಿ ಅದಾವ್ರಿ. ಕರದ ಕಾಲಾಗ ಎಲ್ಲ್ಯದಾವು?"

ವಿರುಪಾಕ್ಷಪ್ಪ ತನ್ನ ಕಾಲನ್ನೂ ಕರುವಿನ ಕಾಲನ್ನೂ ನೋಡಿ ಕರುವನ್ನು ಇನ್ನಷ್ಟು ದೂರ ಎಳೆದುಕೊಂಡ.

ಅವಳು ಡಬ್ಬಿ ಬಿಚ್ಚಿ ತೋರಿಸಿದಳು. ತಗಡಿನ ಚೂಪು ಅಂಚು ವೈರಿನ ಸಿಪ್ಪೆ ಕೊಯ್ದು, ಒಳಗಿನ ತಂತಿ ಡಬ್ಬಿಗೆ ಹತ್ತಿತ್ತು. ಅರ್ಥ್ ವೈರೇ ಇರಲಿಲ್ಲ. ಕಾಯಿಲ್ ಎಳೆಯುವ ಕರೆಂಟು ತಾಳಲಾರದೆ ತೆಳು ವೈರು ಪ್ಲಗ್ಗಿನ ಬಳಿ ಕರಗಿ ಮೆತ್ತಗಾಗಿತ್ತು. ಅದರಿಂದ ಒಂದೇ ಗೇಣು ದೂರದಲ್ಲಿ ಒಣಹುಲ್ಲು.

"ಇಸ್ತ್ರ್ಯಾಗ ಬಿಸಿ ಹೆಚ್ಚಾದ್ರ ತಾನ ಬಂದ್ ಆಗೋ ಸ್ವಿಚ್ ಇರತೈತ್ರಿ. ನೀವು ಅದನ್ನ ತಗದೀರಿ. ಫ್ಯಾನ್ ನಿಂತ್ರ ಇದು ಕೆಂಪಗ ಕಾಯ್ಕೋತನ ಹೋಗತೈತಿ."

ರುಕ್ಮವ್ವ ಗಂಡನನ್ನು ಬೈಯಲು ಬಾಯಿ ತೆರೆದಳು. ಚಂದ್ರಮತಿ ತಡೆದಳು: "ಯಾತಕ್ಕಂತ ಕೇಳದ ಕಾಯಿಲ್ ಕೊಟ್ಟಾಕಿ ನಾನು. ತಪ್ಪು ನಂದೂ ಐತಿ."

ಅಂದು ಸಂಜೆಯೊಳಗೆ ಕರುವಿನ ಏರ್ಪಾಡು ಬೇರೆಯೇ ಆಯಿತು. ವಿರುಪಾಕ್ಷಪ್ಪ ಗಾಳಿ ಬರುವ ಕಡೆ ತಾಡಪತ್ರಿ ಕಟ್ಟಿ, ಒದ್ದೆ ನೆಲ ಬಳಿದು ದಪ್ಪಗೆ ಒಣಹುಲ್ಲು ಹಾಸಿದ. ರುಕ್ಮವ್ವ ಹಳೆಯ ಕೌದಿ ಕತ್ತರಿಸಿ ಕರುವಿಗೊಂದು ಅಂಗಿ ಹೊಲಿದಳು. ಚಂದ್ರಮತಿ ಕಸೆ ಕಟ್ಟಿದಳು. ಕಟ್ಟಿದ್ದೇ ತಡ, ಕರು ಮೈ ಕೊಡವಿ ಹಾರಿತು. ಕೆಂಪು ಹಳದಿ ತೇಪೆಗಳ ಅಂಗಿಯಲ್ಲಿ ಕಬ್ಬಿನ ಗದ್ದೆಯತ್ತ ಬಾಲವೆತ್ತಿ ಓಡಿತು. "ಏ ನಿಂದರಲೇ!" ಎನ್ನುತ್ತ ವಿರುಪಾಕ್ಷಪ್ಪ ಹಿಂದೆ ಬಿದ್ದ. ಹೆಂಗಸರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಂದಿನಿಂದ ಚಂದ್ರಮತಿ ಹಳೆ ಕಾಯಿಲ್ಲುಗಳನ್ನು ಎರಡು ತುಂಡು ಮಾಡಿಯೇ ಗುಜರಿಗೆ ಹಾಕುತ್ತಾಳೆ. ವಿರುಪಾಕ್ಷಪ್ಪನ ಕೈ ಮಾತ್ರ ಸುಮ್ಮನಿರುವುದಿಲ್ಲ. ಸಂತೆಯ ದಿನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಾನೆ, ಕಲಿಸು ಎನ್ನುತ್ತಾನೆ. ಮೊದಲ ತಿಂಗಳೆಲ್ಲ ಮೂರು ಪಿನ್ನಿನ ಪ್ಲಗ್ಗಿಗೆ ಹಸಿರು ಅರ್ಥ್ ವೈರು ಕೂರಿಸುವುದೊಂದನ್ನೇ ಮಾಡಿಸಿದಳು. ಮೊನ್ನೆ ಅವನು ತಾನೇ ಒಂದು ಮಿಕ್ಸರು ಬಿಚ್ಚಿ ಸರಿಮಾಡಿದ. ಅದು ಗರ್ರೆಂದಾಗ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಂತೆ ಚಪ್ಪಾಳೆ ತಟ್ಟಿದವಳು ಚಂದ್ರಮತಿಯೇ.