ದನಿ ಹೋದ ವರ್ಷದ ಈಸ್ಟರ್

ಥೈರಾಯ್ಡ್ ಗಂಟು ತೆಗೆದ ಮೇಲೆ ನನ್ನ ದನಿ ಹೋಯಿತು. ಲೂಥರನ್ ದೇವಶಾಸ್ತ್ರವನ್ನೂ ಆರಾಧನೆಯ ಸಂಗೀತವನ್ನೂ ಓದಿ, ಅದನ್ನೇ ಕಲಿಸಿ ನಿವೃತ್ತನಾದವನು ನಾನು. ಹೆಂಡತಿಯ ಊರಾದ ಹೊಳಲ್ಕೆರೆಗೆ ಬಂದ ಮೇಲೆ ಇಲ್ಲಿನ ಪುಟ್ಟ ಕ್ರೈಸ್ತ ಸಭೆಗೆ ಕೀರ್ತನೆ ಹೇಳಿಕೊಡುವುದು, ಭಾನುವಾರ ಹಾರ್ಮೋನಿಯಂ ನುಡಿಸುತ್ತ ಹಾಡುವುದು ನನ್ನ ಪಾಲಿಗೆ ಬಂದಿತ್ತು. ಈಗ ಬಾಯಿ ತೆರೆದರೆ ಬರೀ ಗಾಳಿ. ಹಾರ್ಮೋನಿಯಂನ ತಿದಿ ಒತ್ತಿದರೆ ಕತ್ತಿನ ಹೊಲಿಗೆ ಎಳೆಯುತ್ತಿತ್ತು. "ಸದ್ಯಕ್ಕೆ ಪಿಸುಮಾತೂ ಬೇಡ" ಎಂದಿದ್ದರು ಡಾಕ್ಟರು. ಈಸ್ಟರ್ ಹತ್ತಿರ ಬಂದಿತ್ತು.

ಪಕ್ಕದ ಮನೆಯವರು ಕೊಬ್ಬರಿ ವ್ಯಾಪಾರಿ. ಸೋಮವಾರ ಮಠದ ಭಜನೆಗೆ ಅವರದೇ ಹಾರ್ಮೋನಿಯಂ. ಎಳನೀರು ಹಿಡಿದು ನನ್ನನ್ನು ನೋಡಲು ಬಂದವರು ಹೆಂಡತಿಯನ್ನು ಕೇಳಿದರು.

"ಹಬ್ಬಕ್ಕೆ ಪೆಟ್ಟಿಗೆ ಯಾರು ಬಾರಿಸ್ತಾರಕ್ಕ?"

"ಯಾರೂ ಇಲ್ಲಣ್ಣ. ಹಂಗೇ ಹಾಡ್ಕಂತೀವಿ."

"ಹಂಗ್ಯಾಕೆ? ನಾನಿಲ್ಲೇನು? ಮೇಷ್ಟ್ರು ಸ್ವರ ತೋರಿಸ್ಲಿ, ಹಿಡ್ಕಂತೀನಿ."

ನನಗೆ ಸಂಕೋಚವಾಯಿತು. 'ನಿಮ್ಮವರು ಏನಾದರೂ ಅಂದಾರು' ಎಂದು ಮೊಬೈಲಿನಲ್ಲಿ ಬರೆದು ತೋರಿಸಿದೆ. ಕನ್ನಡಕ ಏರಿಸಿ ಓದಿ ನಕ್ಕರು. "ದೇವ್ರ ಕೆಲ್ಸ ಅದು. ಅನ್ನೋರು ಅನ್ಲಿ ಬಿಡ್ರಿ."

ಸಂಜೆ ಹೊತ್ತು ಅವರು ತಿದಿ ಒತ್ತುವರು, ನಾನು ಒಂದು ಕೈಯಲ್ಲಿ ಸ್ವರದ ಮನೆ ಒತ್ತಿ ತೋರಿಸುವೆ. ಜರ್ಮನಿಯಿಂದ ಬಂದ ಈಸ್ಟರ್ ಕೀರ್ತನೆಯ ಹಳೆಯ ಧಾಟಿ ಪ್ರತಿ ಸಾಲಿನ ಕೊನೆಗೂ ನಿಂತು ಉಸಿರೆಳೆದುಕೊಳ್ಳುತ್ತದೆ. ಅವರಿಗೆ ನಿಂತು ಅಭ್ಯಾಸವಿಲ್ಲ. ಆ ಖಾಲಿ ಜಾಗಕ್ಕೆ ಒಂದೆರಡು ಸ್ವರ ಓಡಿ ಬಂದುಬಿಡುತ್ತಿದ್ದವು. ಬೇಡವೆಂದು ಕೈ ಎತ್ತಿದರೆ, "ಏನ್ ಮಾಡ್ಲಿ ಮೇಷ್ಟ್ರೇ, ಬೆರಳು ನನ್ ಮಾತು ಕೇಳಲ್ಲ" ಎನ್ನುವರು. ಕೊನೆಗೆ ಕೈ ಎತ್ತುವುದನ್ನೇ ಬಿಟ್ಟೆ. ಕೇಳಲು ಚೆನ್ನಾಗಿತ್ತು.

ಹಬ್ಬದ ಬೆಳಿಗ್ಗೆ ಅವರು ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಚರ್ಚಿಗೆ ಬಂದರು. ಹಾರ್ಮೋನಿಯಂ ಮುಟ್ಟಿ ಕಣ್ಣಿಗೊತ್ತಿಕೊಂಡು ಶುರುಮಾಡಿದರು. ನನ್ನ ಹೆಂಡತಿ ಎದ್ದು ಮೊದಲ ಸಾಲು ಎತ್ತಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಒಬ್ಬಳೇ ಹಾಡಿದ್ದನ್ನು ಕೇಳಿದ್ದು ಅದೇ ಮೊದಲು. ಪಕ್ಕದಲ್ಲಿ ನಾನು ಯಾವಾಗಲೂ ಗಟ್ಟಿಯಾಗಿ ಹಾಡುತ್ತಿದ್ದೆನಲ್ಲ. ತಗ್ಗಿನ ದನಿ, ಸ್ವಲ್ಪ ನಡುಕ. ಎರಡನೆಯ ಸಾಲಿಗೆ ಸಭೆಯೆಲ್ಲ ಸೇರಿಕೊಂಡಿತು. ಹಾಡಿನ ಮೂಲಕ ದೇವರ ಮಾತು ಜನರ ಬಾಯಿಗೆ ಬರುತ್ತದೆ ಎಂದು ವರ್ಷಗಟ್ಟಲೆ ಪಾಠ ಮಾಡಿದವನು, ಅಂದು ಬಾಯಿ ಮುಚ್ಚಿ ಕೂತು ಅದನ್ನು ಪಡೆದುಕೊಂಡೆ. ಕಣ್ಣೊರೆಸಿಕೊಳ್ಳಲು ಕರವಸ್ತ್ರವೂ ಇರಲಿಲ್ಲ.

ಮಳೆಗಾಲದ ಹೊತ್ತಿಗೆ ದನಿ ಅರ್ಧ ಮರಳಿತು, ಒರಟಾಗಿ. ಮೇಲಿನ ಸ್ವರ ಮುಟ್ಟುವುದಿಲ್ಲ, ಪಾಠ ಹೇಳಲು ಸಾಕು. ಹಿರಿಯೂರಿನ ಸಭೆ ಹಾಡಲು ಕರೆದರೆ ಈಗ ನಾನು, ಹೆಂಡತಿ, ಪಕ್ಕದ ಮನೆಯವರು ಮೂವರೂ ಹೋಗುತ್ತೇವೆ.

ಕಳೆದ ವರ್ಷ ಅವರ ತಾಯಿ ತೀರಿಕೊಂಡರು. ನಮ್ಮ ಹಾಡುಗಾರರೆಲ್ಲ ಹೋಗಿ ಅಂಗಳದಲ್ಲಿ ಕೂತೆವು. ಭಜನೆಯ ನಡುವೆ ಅವರು ನನ್ನ ಹತ್ತಿರ ಬಂದು, "ನಿಮ್ದೂ ಒಂದು ಹೇಳ್ರಿ ಮೇಷ್ಟ್ರೇ. ಅವ್ವ ಗೋಡೆ ಆಚೆಯಿಂದ ದಿನಾ ಕೇಳ್ತಿದ್ಲು" ಎಂದರು. ಹೆಂಡತಿ ಸಂಜೆಯ ಪ್ರಾರ್ಥನೆಯ ಒಂದು ಕೀರ್ತನೆ ಎತ್ತಿದಳು; ನಾನು ಕೆಳಗಿನ ಸ್ವರ ಹಿಡಿದೆ. ಭಜನೆಯವರು ತಾಳ ಕೆಳಗಿಟ್ಟು ಕೇಳಿದರು. ಪಕ್ಕದ ಮನೆಯವರು ತಾಯಿಯ ದೇಹದ ಪಕ್ಕ ಹೋಗಿ ಕುಳಿತರು.