ಓದದೆ ದಾಟಿದ ಏಳನೇ ಪ್ಯಾರಾ

ಅತ್ತಿಗೆ, ನಿಮ್ಮ ವಿಚ್ಛೇದನದ ಅರ್ಜಿಯ ಏಳನೇ ಪ್ಯಾರಾವನ್ನು ನಾನು ನಿಮಗೆ ಓದಿ ಹೇಳಲಿಲ್ಲ. ಬೇಕೆಂದೇ ಬಿಟ್ಟೆ.

ಬಂಟ್ವಾಳದಲ್ಲಿ, ವಕೀಲರ ಆಫೀಸಿನ ಬೆಂಚಿನ ಮೇಲೆ ಕುಳಿತಿದ್ದೆವು. ಅರ್ಜಿ ಇಂಗ್ಲಿಷಿನಲ್ಲಿತ್ತು. ನಮ್ಮಲ್ಲಿ ಯಾವ ಕಾಗದ ಬಂದರೂ ಮನೆಯಲ್ಲಿ ಓದಿದವರೊಬ್ಬರು ತುಳುವಿನಲ್ಲಿ ಹೇಳುವುದು, ಉಳಿದವರು ಸಹಿ ಹಾಕುವುದು — ಅದರಲ್ಲಿ ಅನುಮಾನಪಡುವಂಥದ್ದು ನಿಮಗೇನೂ ಕಾಣಲಿಲ್ಲ. ಗಂಡನನ್ನು ಬಿಡುತ್ತಿದ್ದಿರಿ, ಗಂಡನ ತಂಗಿಯನ್ನು ನಂಬಿದಿರಿ.

ಏಳರಲ್ಲಿ ಇದ್ದದ್ದು ಇಷ್ಟು: ನಿಮ್ಮ ತವರಿನ ಚಿನ್ನವೆಲ್ಲ ವಾಪಸು ಸಿಕ್ಕಿದೆ, ಮುಂದೆ ಜೀವನಾಂಶವನ್ನೂ ಕೇಳುವುದಿಲ್ಲ. ಚಿನ್ನ ಸಿಕ್ಕಿರಲಿಲ್ಲ. ಅದು ಸೊಸೈಟಿಯಲ್ಲಿ ಅಡವಿತ್ತು — ಸ್ವಲ್ಪ ಅಣ್ಣನ ಹೋಟೆಲಿಗೆಂದು, ಸ್ವಲ್ಪ ನನ್ನ ಎಂ.ಎ. ಫೀಸಿಗೆಂದು. ಒಳಗೆ ಹೋಗುವ ಮೊದಲು ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು, "ಏಳನೇದು ಓದ್ಲಿಕ್ಕೆ ಹೋಗ್ಬೇಡ ಮಾರಾಯ್ತಿ. ಚಿನ್ನ ನಾನು ಬಿಡಿಸಿ ಕೊಡ್ತೇನೆ" ಎಂದಿದ್ದ. ನಂಬಿದೆನೇ? ಗೊತ್ತಿಲ್ಲ. ಚಿನ್ನದ ಮಾತು ಬಂದರೆ ನನ್ನ ಹೆಸರೂ ಬರುತ್ತದೆ ಎಂಬುದಂತೂ ಗೊತ್ತಿತ್ತು.

ಇಬ್ಬರೂ ಒಪ್ಪಿ ಹಾಕಿದ ಅರ್ಜಿ; ಯೋಚಿಸಲು ಕೋರ್ಟು ಆರು ತಿಂಗಳ ಸಮಯ ಕೊಟ್ಟಿತು. ಆ ಆರು ತಿಂಗಳೂ ನಾನು ಮೂಡುಬಿದಿರೆಯಲ್ಲಿ ಪಾಠ ಮಾಡಿಕೊಂಡಿದ್ದೆ. ಮತ್ತೆ ಕರೆದಾಗ ನ್ಯಾಯಾಧೀಶರು, ಎಲ್ಲ ತಿಳಿದೇ ಸಹಿ ಹಾಕಿದ್ದೀರಾ ಎಂದು ಕೇಳಿದರು. ನೀವು ನನ್ನತ್ತ ಕೈ ತೋರಿಸಿ, "ಹೌದು, ನಾದಿನಿ ಓದಿ ಹೇಳಿದ್ದಾಳೆ. ಅವಳು ಲೆಕ್ಚರರ್" ಎಂದಿರಿ. ಆ ದನಿಯಲ್ಲಿ ಹೆಮ್ಮೆಯಿತ್ತೆಂದು ನನ್ನ ನೆನಪು. ಇರಲಿಲ್ಲವೇನೋ —

ಎರಡು ವರ್ಷವಾದರೂ ಚಿನ್ನ ಬರಲಿಲ್ಲ. ನೀವು ಬೆಳ್ತಂಗಡಿಯ ಒಬ್ಬ ವಕೀಲರ ಬಳಿ ಹೋದಿರಿ. ಅವರು ಏಳನೆಯದನ್ನು ಓದಿ ಹೇಳಿದರು. ಅಲ್ಲಿಂದಲೇ ನನಗೆ ಫೋನ್ ಮಾಡಿದಿರಿ. ಬೈಯಲಿಲ್ಲ.

"ಸುಮತಿ, ಇದು ನೀನು ಓದಿದ್ದಾ? ನನಗೆ ನೆನಪೇ ಇಲ್ಲ."

"ಓದಿದ್ದೆ ಅತ್ತಿಗೆ. ನಿಮಗೆ ಮರ್ತು ಹೋಗಿದೆ."

"ಇರ್ಬಹುದು. ಆಗ ನನ್ನ ತಲೆ ಎಲ್ಲಿತ್ತು" ಎಂದು ನಕ್ಕಿರಿ.

ಓದದೆ ಬಿಟ್ಟದ್ದಕ್ಕಿಂತ ಈ ಸುಳ್ಳು ದೊಡ್ಡದು. ಈಗ ನೀವು ಕೊಕ್ಕಡದಲ್ಲಿ ಬೇರೆಯವರ ತೋಟದ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತೀರಂತೆ. ತವರಿನಲ್ಲಿ ಏನಾದರೂ ಮಾತುಕತೆಗೆ ಕರೆದರೆ, ನನಗೆ ಮರೆವು ಜಾಸ್ತಿ, ನನ್ನನ್ನು ಕೇಳಬೇಡಿ ಎನ್ನುತ್ತೀರಂತೆ.

ಬೇಕೆಂದಲ್ಲ, ಕಣ್ತಪ್ಪಿನಿಂದ ಬಿಟ್ಟುಹೋಯಿತೆಂದು ನನ್ನನ್ನು ನಾನೇ ಎಷ್ಟೋ ಕಾಲ ನಂಬಿಸಿಕೊಂಡಿದ್ದೆ. ನಂಬಲು ಕಷ್ಟವೇನೂ ಆಗಲಿಲ್ಲ. ಮೊನ್ನೆ ಹಳೆಯ ಡೈರಿ ತೆಗೆದರೆ ಆ ದಿನದ ಪುಟದಲ್ಲಿ ನನ್ನದೇ ಅಕ್ಷರ: "ಏಳು ಓದಲಿಲ್ಲ. ಅತ್ತಿಗೆಗೆ ಗೊತ್ತಾಗಲಿಲ್ಲ."

ಆ ಪುಟವನ್ನು, ಜೊತೆಗೊಂದು ಅಫಿಡವಿಟ್ ಮಾಡಿಸಿ, ಬೆಳ್ತಂಗಡಿಯ ಆ ವಕೀಲರಿಗೆ ಕೊಡುತ್ತೇನೆ. ಅಣ್ಣ ನನ್ನ ಮುಖ ನೋಡಲಿಕ್ಕಿಲ್ಲ. ಚಿನ್ನ ಬರುತ್ತದೆಂದು ನಾನು ಹೇಳಲಾರೆ. ಆದರೆ ಅದಕ್ಕೂ ಮೊದಲು ಕೊಕ್ಕಡಕ್ಕೆ ಬರುತ್ತೇನೆ. ಬಾಗಿಲು ತೆರೆಯದಿದ್ದರೆ ಅಂಗಳದಲ್ಲೇ ನಿಂತು, ಏಳನೆಯದನ್ನು ತುಳುವಿನಲ್ಲಿ, ಒಂದಕ್ಷರವೂ ಬಿಡದೆ ಓದುತ್ತೇನೆ.

ನಿಮಗೆ ಮರೆತದ್ದಲ್ಲ, ಅತ್ತಿಗೆ.